ಹೆಪ್ಪು, ಬಾವಿ, ವೈಫೈ

ಒಂದು ಮನೆಯಿಂದ ಇನ್ನೊಂದು ಮನೆಗೆ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬುದಕ್ಕೆ ನಮ್ಮ ಹಿರಿಯರಲ್ಲಿ ಎಲ್ಲೂ ಬರೆದಿಡದ ಒಂದು ಶಾಸ್ತ್ರವೇ ಇತ್ತು. ಹೆಪ್ಪಿಗೆಂದು ಒಂದು ಚಮಚ ಮೊಸರು ಕೇಳಿದರೆ ಇಲ್ಲವೆನ್ನುವ ಹಾಗಿರಲಿಲ್ಲ. ಆದರೆ ದೀಪ ಹಚ್ಚಿದ ಮೇಲೆ ಯಾರೂ ಕೇಳುತ್ತಲೂ ಇರಲಿಲ್ಲ, ಕೊಡುತ್ತಲೂ ಇರಲಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟರೆ ಎತ್ತಿಕೊಳ್ಳಬಹುದು. ಹಬ್ಬ ಬಂದರೆ ದೊಡ್ಡ ಹಿತ್ತಾಳೆ ಪಾತ್ರೆ ಬೀದಿಯ ಎಲ್ಲ ಮನೆಗಳನ್ನೂ ಸುತ್ತಿ ಬರುತ್ತಿತ್ತು. ಕರಿಬೇವಿಗೆ ಲೆಕ್ಕವಿಲ್ಲ, ಕಾಫಿಪುಡಿಗೆ ಮಾತ್ರ ಲೆಕ್ಕವಿದೆ. ಈ ನಿಯಮಗಳಿಗೆಲ್ಲ ಕಾರಣ ಏನೆಂದು ಕೇಳಿದರೆ ಅಜ್ಜಿ ಹೇಳುತ್ತಿರಲಿಲ್ಲ. ಆದರೂ ಅವುಗಳೊಳಗೆ ಒಂದು ವಿವೇಕವಿತ್ತು ಎಂದು ಈಗ ನನಗೆ ಅನ್ನಿಸುತ್ತದೆ. ಕೊಡುವುದೇ ಧರ್ಮ, ಆದರೆ ಕೊಡುವುದಕ್ಕೂ ಒಂದು ಹೊತ್ತು, ಒಂದು ಅಳತೆ ಇದೆ ಎಂಬ ವಿವೇಕ.

ಈಗ ನೆರೆಹೊರೆಯವರು ಕೇಳುವ ವಸ್ತುಗಳ ಪಟ್ಟಿಗೆ ಹೊಸದೊಂದು ಸೇರಿದೆ. ‘ಮೇಡಂ, ನಮ್ಮನೇಲಿ ನೆಟ್ ಹೋಗಿದೆ, ನಿಮ್ಮ ವೈಫೈ ಪಾಸ್‌ವರ್ಡ್ ಸ್ವಲ್ಪ ಹೇಳ್ತೀರಾ?’ ಎಂದು ಗೇಟಿನ ಬಳಿ ನಿಂತು ಕೇಳುತ್ತಾರೆ. ‘ಸ್ವಲ್ಪ’ ಎಂಬ ಮಾತನ್ನು ಗಮನಿಸಿ. ಅದು ಹೆಪ್ಪು ಕೇಳುವಾಗಿನ ‘ಸ್ವಲ್ಪ’. ಆದರೆ ಪಾಸ್‌ವರ್ಡಿನಲ್ಲಿ ಸ್ವಲ್ಪ ಎಂಬುದಿಲ್ಲ. ಕೊಟ್ಟರೆ ಪೂರ್ತಿ ಕೊಟ್ಟ ಹಾಗೆ, ಇಲ್ಲವಾದರೆ ಏನೂ ಇಲ್ಲ. ಹೆಪ್ಪು ಒಯ್ದವರು ನಾಳೆ ಮತ್ತೆ ಬೇಕಾದರೆ ಮತ್ತೆ ಕೇಳಬೇಕು. ಪಾಸ್‌ವರ್ಡ್ ಒಯ್ದವರು ಮುಂದೆಂದೂ ಕೇಳಬೇಕಾಗಿಲ್ಲ, ಅವರ ಫೋನು ನಮ್ಮ ಮನೆಯ ಹತ್ತಿರ ಬಂದಾಗಲೆಲ್ಲ ತಾನಾಗಿಯೇ ಒಳಗೆ ಬರುತ್ತದೆ. ಹಾಗಾದರೆ ಇದು ಮೊಸರೋ, ಮನೆಯ ಬೀಗದ ಕೈಯೋ? ನಾನು ಇಲ್ಲಿ ಚರ್ಚಿಸಹೊರಟಿರುವುದು ಈ ಪ್ರಶ್ನೆಯನ್ನೇ. ನೋಡುವುದಕ್ಕೆ ಸಣ್ಣದು, ಆದರೆ ಹಿಡಿದು ಎಳೆದರೆ ಎಷ್ಟೋ ಹಳೆಯ ಗಂಟುಗಳು ಇದರ ಜೊತೆಗೆ ಬರುತ್ತವೆ.

ಮೊದಲು ಈ ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳೋಣ. ನಾನು ಹೇಳಿಕೇಳಿ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುವವಳು, ಇಂಜಿನಿಯರಲ್ಲ. ಆದರೆ ಮಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವುದರಿಂದ ಒಂದಿಷ್ಟು ಕೇಳಿ ಕಲಿತಿದ್ದೇನೆ. ವೈಫೈಗೆ ತಳಹದಿಯಾದ ತಾಂತ್ರಿಕ ನಿಯಮಾವಳಿ ಹೊರಬಂದದ್ದು 1997ರಲ್ಲಿ. ರೂಟರ್ ಎಂಬ ಪೆಟ್ಟಿಗೆ ರೇಡಿಯೋ ಅಲೆಗಳನ್ನು ಹರಡುತ್ತದೆ. ಆ ಅಲೆಗಳಿಗೆ ನಮ್ಮ ಕಾಂಪೌಂಡಿನ ಪರಿವೆಯಿಲ್ಲ. ಗೋಡೆ ದಾಟಿ ಬೀದಿಗೂ, ಪಕ್ಕದ ಮನೆಯ ಹಜಾರಕ್ಕೂ ಹೋಗುತ್ತವೆ. ನಮ್ಮ ಹಿತ್ತಿಲ ಮಲ್ಲಿಗೆ ಬಳ್ಳಿಯ ಪರಿಮಳ ಬೇಲಿಯಾಚೆ ಹೋದಂತೆ. ಹಾಗಾಗಿ ಒಳಗೆ ಬರುವವರನ್ನು ಗೋಡೆಯಿಂದ ತಡೆಯಲಾಗದು, ಗುರುತಿನಿಂದ ತಡೆಯಬೇಕು.

ಆ ಗುರುತು ಎರಡು ಬಗೆಯದು. ಒಂದು, ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್. ಇನ್ನೊಂದು, ಪಟ್ಟಿ. ಪ್ರತಿಯೊಂದು ಫೋನಿಗೂ, ಟಿವಿಗೂ, ಕಂಪ್ಯೂಟರಿಗೂ ಹನ್ನೆರಡು ಅಕ್ಷರಗಳ ಒಂದು ವಿಳಾಸವಿರುತ್ತದೆ. ಎರಡೆರಡರಂತೆ ಆರು ಜೋಡಿ. ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಅದರ ಮೊದಲ ಅರ್ಧ ತಯಾರಿಸಿದವರ ಗುರುತು, ಉಳಿದರ್ಧ ಆ ಒಂದು ಯಂತ್ರದ ಗುರುತು. ನಮ್ಮಲ್ಲಿ ಮನೆತನದ ಹೆಸರು ಮತ್ತು ಸ್ವಂತ ಹೆಸರು ಇದ್ದ ಹಾಗೆ. ಈ ವಿಳಾಸಗಳನ್ನು ರೂಟರಿನೊಳಗೆ ಬರೆದಿಟ್ಟು, ‘ಪಟ್ಟಿಯಲ್ಲಿದ್ದವರನ್ನು ಮಾತ್ರ ಬಿಡು, ಉಳಿದವರಿಗೆ ಪಾಸ್‌ವರ್ಡ್ ಗೊತ್ತಿದ್ದರೂ ಬಿಡಬೇಡ’ ಎಂದು ಆಜ್ಞೆ ಮಾಡಬಹುದು. ಅಥವಾ ‘ಎಲ್ಲರನ್ನೂ ಬಿಡು, ಇವರನ್ನು ಮಾತ್ರ ಬೇಡ’ ಎಂದೂ ಹೇಳಬಹುದು. ಮದುವೆ ಮನೆಯ ಬಾಗಿಲಲ್ಲಿ ಆಮಂತ್ರಣದ ಪಟ್ಟಿ ಹಿಡಿದು ನಿಂತ ಕಾವಲುಗಾರನಂತೆ ಇದು ಕೆಲಸ ಮಾಡುತ್ತದೆ.

ಈ ಕಾವಲುಗಾರ ಅಷ್ಟೇನೂ ಗಟ್ಟಿಗನಲ್ಲ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಫೋನು ರೂಟರಿನೊಡನೆ ಆಡುವ ಮಾತು ಗುಪ್ತಲಿಪಿಯಲ್ಲಿದ್ದರೂ, ‘ನಾನು ಇಂಥವನು’ ಎಂಬ ವಿಳಾಸ ಮಾತ್ರ ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತದೆ. ಅದನ್ನು ಕದ್ದು ಕೇಳಿ, ಅದೇ ಹೆಸರು ಹೇಳಿಕೊಂಡು ಬರುವುದು ತಿಳಿದವರಿಗೆ ಕಷ್ಟವಲ್ಲ. ಸಾಲದ್ದಕ್ಕೆ, 2019ರಿಂದೀಚೆಗೆ ಬಂದ ಆಂಡ್ರಾಯ್ಡ್ ಫೋನುಗಳೂ 2020ರಿಂದೀಚೆಗೆ ಐಫೋನುಗಳೂ ತಮ್ಮ ನಿಜವಾದ ವಿಳಾಸವನ್ನು ಮರೆಮಾಡಿ, ಒಂದೊಂದು ವೈಫೈಗೆ ಒಂದೊಂದು ಕಲ್ಪಿತ ವಿಳಾಸವನ್ನು ಹೇಳುತ್ತವೆ. ಹೋದಲ್ಲೆಲ್ಲ ನಮ್ಮ ಹೆಜ್ಜೆ ಗುರುತು ಹಿಡಿಯಬಾರದೆಂದು ಆ ಏರ್ಪಾಡು. ಆದ್ದರಿಂದ ನಿಜವಾದ ಕಳ್ಳನನ್ನು ತಡೆಯುವುದು ಉದ್ದನೆಯ, ಊಹಿಸಲಾಗದ ಪಾಸ್‌ವರ್ಡೇ ಹೊರತು ಪಟ್ಟಿಯಲ್ಲ. ಪಟ್ಟಿ ತಡೆಯುವುದು ಕಳ್ಳನಲ್ಲದವನನ್ನು! ಗೆಳೆಯರನ್ನು, ನೆರೆಯವರನ್ನು, ಮನೆಯೊಳಗಿನವರನ್ನು. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ, ಇದು ಭದ್ರತೆಯ ಪ್ರಶ್ನೆಗಿಂತ ಹೆಚ್ಚಾಗಿ ಧರ್ಮಾಧರ್ಮದ ಪ್ರಶ್ನೆ ಎಂದು ನಾನೇಕೆ ಹೇಳುತ್ತೇನೆ ಎಂಬುದು ನಿಮಗೆ ಹೊಳೆಯುತ್ತದೆ.

ಹಾಗೆಂದು ಬಾಗಿಲನ್ನು ಹಾರು ಹೊಡೆದು ಕೂತರೆ ಅದೇ ಔದಾರ್ಯ ಎಂದು ತಿಳಿಯಬೇಡಿ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಒಂದು ಬೆದರಿಕೆಯ ಇ-ಮೇಲ್ ಟಿವಿ ವಾಹಿನಿಗಳಿಗೆ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದರೆ ಅದು ಮುಟ್ಟಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರ ವೈಫೈಗೆ ರಕ್ಷಣೆಯಿರಲಿಲ್ಲ, ಯಾರೋ ಅದನ್ನು ಬಳಸಿಕೊಂಡಿದ್ದರು. ಅವರು ನಿರಪರಾಧಿಯೆಂದು ಆಮೇಲೆ ತಿಳಿಯಿತು. ಆದರೆ ಅಲ್ಲಿಯವರೆಗೆ ಅವರೂ ಅವರ ಹೆಂಡತಿ ಮಕ್ಕಳೂ ಅನುಭವಿಸಿದ ಕಷ್ಟ ಎಷ್ಟಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮರುವರ್ಷ, 2009ರಲ್ಲಿ, ಕೇಂದ್ರದ ದೂರಸಂಪರ್ಕ ಇಲಾಖೆ ವೈಫೈ ಸಂಪರ್ಕಗಳನ್ನು ಭದ್ರಪಡಿಸಬೇಕೆಂದು ಸೂಚನೆ ಹೊರಡಿಸಿತು. ಜರ್ಮನಿಯಲ್ಲಂತೂ 2010ರಲ್ಲಿ ಅಲ್ಲಿನ ಉಚ್ಚ ನ್ಯಾಯಪೀಠ, ಮನೆಯ ವೈಫೈಗೆ ಸರಿಯಾದ ಪಾಸ್‌ವರ್ಡ್ ಇಡುವುದು ಮನೆಯವರ ಹೊಣೆ ಎಂದು ಹೇಳಿತ್ತು. ಅದರಿಂದ ಅತಿಥಿಗಳಿಗೆ ಕೊಡುವವರೇ ಹೆದರುವಂತಾಯಿತೆಂದು 2017ರಲ್ಲಿ ಕಾನೂನನ್ನೇ ಸಡಿಲಿಸಬೇಕಾಯಿತು. ಬಾಗಿಲು ಎಷ್ಟು ತೆರೆದಿರಬೇಕು ಎಂಬುದರಲ್ಲಿ ಕಾನೂನಿನವರಿಗೇ ಒಂದು ನಿಲುವಿಗೆ ಬರುವುದು ಕಷ್ಟವಾಗಿದೆ ಎಂದಮೇಲೆ ನಮ್ಮಂಥ ಗೃಹಿಣಿಯರ ಪಾಡೇನು?

ಆದ್ದರಿಂದ ಬಾಗಿಲು ಹಾಕಿಕೊಳ್ಳುವುದು ತಪ್ಪಲ್ಲ. ನಮ್ಮ ಹೆಸರಿನಲ್ಲಿರುವ ಸಂಪರ್ಕದಿಂದ ಯಾರೋ ಮಾಡಿದ ದುಷ್ಕೃತ್ಯಕ್ಕೆ ಮೊದಲು ಉತ್ತರ ಹೇಳಬೇಕಾದವರು ನಾವು. ಮನೆಯ ಕ್ಯಾಮೆರಾ, ಕಂಪ್ಯೂಟರು, ಅದರಲ್ಲಿರುವ ಬ್ಯಾಂಕಿನ ಕಾಗದಪತ್ರ ಎಲ್ಲವೂ ಅದೇ ಜಾಲದಲ್ಲಿರುತ್ತವೆ. ಮನೆಯೊಡತಿಗೆ ಮನೆಯ ಕಾವಲೂ ಒಂದು ಕರ್ತವ್ಯ. ಇಷ್ಟು ಒಪ್ಪಿಕೊಂಡ ಮೇಲೆ ನಿಜವಾದ ತೊಡಕು ಆರಂಭವಾಗುತ್ತದೆ.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದ್ದು ನಿಮಗೆಲ್ಲ ನೆನಪಿರಬಹುದು. ಪಾಠಗಳೆಲ್ಲ ಫೋನಿಗೆ ಬಂದವು. ಫೋನಿಲ್ಲದ ಮಕ್ಕಳಿಗಾಗಿ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಎಂಬ ಯೋಜನೆ ತಂದಾಗ ನಾವು ಶಿಕ್ಷಕರು ಮರದಡಿಯಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ ಕೂತು ಪಾಠ ಹೇಳಿದೆವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆಗ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆಯ ಮಗಳು ಎಂಟನೆಯ ತರಗತಿ. ತಾಯಿ ಸಾಲ ಮಾಡಿ ಯಾರೋ ಬಳಸಿದ್ದ ಒಂದು ಫೋನು ಕೊಡಿಸಿದ್ದಳು. ಆದರೆ ಡೇಟಾ ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿತ್ತು. ತಾಯಿ ಪಾತ್ರೆ ತೊಳೆಯುವಾಗ ಈ ಹುಡುಗಿ ನಮ್ಮ ಜಗುಲಿಯಲ್ಲಿ ಕೂತು, ನಮ್ಮ ವೈಫೈ ಹಿಡಿದು ಗಣಿತದ ಪಾಠ ಕೇಳುತ್ತಿದ್ದಳು. ಕಿವಿಗೆ ಹಾಕಿಕೊಳ್ಳುವ ವೈರಿನಲ್ಲಿ ಒಂದು ಕಿವಿ ಕೆಟ್ಟಿತ್ತು, ಒಂದರಲ್ಲೇ ಕೇಳುತ್ತಿದ್ದಳು. ಶಾಲೆ ತೆರೆದ ಮೇಲೂ ಸಂಜೆ ಬಂದು ಕೂರುವುದು ಅವಳಿಗೆ ರೂಢಿಯಾಯಿತು. ಹತ್ತನೆಯ ತರಗತಿ ಮುಗಿಸಿ ಪಿಯುಸಿ ಸೇರಿದಳು.

ಒಂದು ದೀಪಾವಳಿಗೆ ಬಂದ ಮಗ ರೂಟರನ್ನು ತೆರೆದು ನೋಡಿ, ಹದಿನಾಲ್ಕು ಯಂತ್ರಗಳು ಇದರಲ್ಲಿವೆ ಎಂದ. ನಾವು ಮನೆಯಲ್ಲಿರುವುದು ಮೂವರು, ನಾನು, ನನ್ನ ಯಜಮಾನರು, ಅತ್ತೆ. ಒಂದೊಂದನ್ನೂ ತೋರಿಸಿ ‘ಇದು ಯಾರದು? ಇದು ಯಾರದು?’ ಎಂದು ಕೇಳುತ್ತಾ ಹೋದ. ಎದುರು ಮನೆಯವರದು, ಹಿಂದೆ ಬಾಡಿಗೆಗಿದ್ದವರದು, ಪೇಂಟು ಮಾಡಲು ಬಂದವನದು ಎಲ್ಲ ಬಿಟ್ಟುಹೋದವು. ಕೊನೆಗೆ ಆ ಹುಡುಗಿಯ ಫೋನು ಬಂತು. ‘ಇದು ತುಂಬ ಹಳೆಯ ಫೋನು, ಕಂಪನಿಯಿಂದ ಇದಕ್ಕೆ ಸುರಕ್ಷತೆಯ ತಿದ್ದುಪಡಿಗಳು ಬರುವುದು ನಿಂತು ಎಷ್ಟೋ ವರ್ಷವಾಗಿದೆ. ಇಂಥದ್ದೇ ಮೊದಲು ರೋಗ ತರುವುದು’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ಹುಡುಗಿ ಹೊಸ ಫೋನು ಕೊಳ್ಳಲಾರಳು ಎಂಬ ಕಾರಣಕ್ಕೇ ನಮ್ಮ ಜಗುಲಿಗೆ ಬಂದವಳಲ್ಲವೇ? ಬಡತನವೇ ಅವಳನ್ನು ನಮ್ಮ ಬಾಗಿಲಿಗೆ ತಂದಿತು, ಅದೇ ಬಡತನ ಬಾಗಿಲು ಹಾಕಲು ಕಾರಣವೂ ಆಗುತ್ತದೆಂದರೆ ಇದೆಂಥ ನ್ಯಾಯ?

ಸಮಾಜ ಪಾಠ ಮಾಡುವವಳಾದ್ದರಿಂದ ನನಗೆ ಮಹಾಡಿನ ಕೆರೆ ನೆನಪಾಯಿತು. ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ: ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸಕಾಂಗ 1923ರಲ್ಲಿ ನಿರ್ಣಯ ಮಾಡಿತು. ಮರುವರ್ಷ ಮಹಾಡಿನ ಪುರಸಭೆಯೂ ಒಪ್ಪಿತು. ಆದರೂ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ತಮ್ಮ ಜನರೊಡನೆ ಹೋಗಿ ಚವದಾರ್ ಕೆರೆಯ ನೀರು ಕುಡಿದಾಗ ಗಲಭೆಯಾಯಿತು, ಕೆರೆಯನ್ನು ‘ಶುದ್ಧಿ’ ಮಾಡಿದರು. ಆಮೇಲೆ ಸವರ್ಣೀಯರು ನ್ಯಾಯಾಲಯಕ್ಕೆ ಹೋದರು. ಅಲ್ಲಿ ಅವರು ಹೂಡಿದ ವಾದವೇನು ಗೊತ್ತೇ? ಈ ಕೆರೆ ಸಾರ್ವಜನಿಕವಲ್ಲ, ಖಾಸಗಿಯದು, ನಮ್ಮದು ಎಂದು! 1937ರಲ್ಲಿ ಮುಂಬಯಿ ಹೈಕೋರ್ಟು ಆ ವಾದವನ್ನು ತಳ್ಳಿಹಾಕಿತು. ಹತ್ತು ವರ್ಷ ಬೇಕಾಯಿತು.

ವೈಫೈಯನ್ನು ಕೆರೆಗೆ ಹೋಲಿಸುವುದು ಅತಿಯಾಯಿತು ಎಂದು ನೀವು ಹೇಳಬಹುದು. ಒಪ್ಪಿದೆ. ನಮ್ಮ ಸಂಪರ್ಕಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುವವರು ನಾವು. ಇದು ನಿಜವಾಗಿಯೂ ನಮ್ಮದೇ. ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಬಗ್ಗೆ ಹೇಳುವಾಗಲೂ ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಮೀಸಲಾದವನ್ನೇ ಹೇಳುತ್ತದೆ. ನಮ್ಮ ಹಿತ್ತಿಲ ಬಾವಿಯಿಂದ ಯಾರಿಗಾದರೂ ನೀರು ಕೊಡಲೇಬೇಕೆಂದು ಹೇಳುವುದಿಲ್ಲ. ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಕೆರೆಯಲ್ಲ, ಆ ವಾದದ ಧಾಟಿ. ‘ನಮ್ಮದು’ ಎಂಬ ಮಾತು ಎಷ್ಟು ಸುಲಭವಾಗಿ ಬೇರೆ ಕಾರಣಗಳಿಗೆ ಹೊದಿಕೆಯಾಗುತ್ತದೆ ನೋಡಿ. ಎದುರು ಮನೆಯವರನ್ನು ಬಿಟ್ಟು ಕೆಲಸದಾಕೆಯ ಮಗಳನ್ನು ತಡೆದರೆ ಅಲ್ಲಿ ಕೆಲಸ ಮಾಡಿದ್ದು ಭದ್ರತೆಯೇ? ಅಥವಾ ಯಾವುದೋ ಹಳೆಯ ಅಭ್ಯಾಸವೇ? ಪಟ್ಟಿಯಲ್ಲಿ ಬರೆಯುವುದು ಯಂತ್ರಗಳ ನಂಬರುಗಳನ್ನು. ಅದಕ್ಕೆ ಜಾತಿಯಿಲ್ಲ, ಮುಖವಿಲ್ಲ. ಆದ್ದರಿಂದಲೇ ಪಟ್ಟಿ ಬರೆಯುವ ಕೈಯ ಹಿಂದಿರುವ ಮನಸ್ಸನ್ನು ನಾವೇ ವಿಚಾರಿಸಿಕೊಳ್ಳಬೇಕು, ಬೇರೆ ಯಾರೂ ವಿಚಾರಿಸುವುದಿಲ್ಲ.

ಮಗ ಒಂದು ಮಧ್ಯದ ದಾರಿ ತೋರಿಸಿದ. ಈಗಿನ ಬಹುತೇಕ ರೂಟರುಗಳಲ್ಲಿ ಅತಿಥಿಗಳಿಗಾಗಿಯೇ ಇನ್ನೊಂದು ಜಾಲವನ್ನು ತೆರೆಯಬಹುದು. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅಲ್ಲಿಗೆ ಬಂದವರಿಗೆ ಇಂಟರ್‌ನೆಟ್ ಸಿಗುತ್ತದೆ, ಆದರೆ ಮನೆಯ ಕಂಪ್ಯೂಟರು, ಕ್ಯಾಮೆರಾಗಳ ಕಡೆಗೆ ಅವರು ಬರಲಾಗದು. ಕೇಳಿದಾಗ ನನಗೆ ಬಿ.ಎ.ಯಲ್ಲಿ ಓದಿದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ನೆನಪಾದ. 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆಯುತ್ತ ಅವನು ಒಂದು ವ್ಯತ್ಯಾಸ ಮಾಡುತ್ತಾನೆ. ಬಂದವನನ್ನು ಹಗೆಯಂತೆ ಕಾಣಬಾರದು ಎಂಬುದು ಅಪರಿಚಿತನ ಹಕ್ಕು, ಆದರೆ ಮನೆಯವನಂತೆ ಉಳಿದುಕೊಳ್ಳುವುದು ಹಕ್ಕಲ್ಲ, ಅದಕ್ಕೆ ಬೇರೆಯೇ ಒಪ್ಪಂದ ಬೇಕು ಎಂದು. ನಮ್ಮವರಿಗೆ ಇದನ್ನು ಕಾಂಟ್ ಹೇಳಬೇಕಾಗಿರಲಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಜಗುಲಿ ಇದ್ದದ್ದೇ ಇದಕ್ಕೆ. ದಾರಿಹೋಕ ಯಾರನ್ನೂ ಕೇಳದೆ ಕೂರಬಹುದು, ಬೆಲ್ಲ ನೀರು ಬರುತ್ತದೆ, ರಾತ್ರಿಯಾದರೆ ಚಾಪೆಯೂ ಬರುತ್ತದೆ. ಒಳಗಿನ ಕೋಣೆ ಮಾತ್ರ ಮನೆಯವರದು.

ಆದರೆ ಓದುಗರೇ, ಜಗುಲಿಯ ಇನ್ನೊಂದು ಮುಖವೂ ನಮಗೆ ಗೊತ್ತಿದೆ. ಕೆಲವರಿಗೆ ಅದು ವಿಶ್ರಾಂತಿಯ ಸ್ಥಳ, ಕೆಲವರಿಗೆ ಅದು ಗಡಿ. ‘ಜಗುಲಿಯವರೆಗೆ ಬಾ’ ಎನ್ನುವುದರಲ್ಲಿ ಆದರವೂ ಇರಬಹುದು, ‘ಅದಕ್ಕಿಂತ ಮುಂದೆ ಬರಬೇಡ’ ಎಂಬ ಕತ್ತಿಯೂ ಇರಬಹುದು. ಇನ್ನೂ ಕೆಲವರಿಗೆ ಜಗುಲಿಯೂ ಇರಲಿಲ್ಲ, ಅಂಗಳದಾಚೆಯೇ ನಿಲ್ಲಬೇಕಿತ್ತು. ಚಹಾದಂಗಡಿಗಳಲ್ಲಿ ಬೇರೆ ಲೋಟ ಇಡುತ್ತಿದ್ದರಲ್ಲ, ಅಲ್ಲಿಯೂ ಚಹಾ ಒಂದೇ, ಕಾಸೂ ಒಂದೇ. ಅವಮಾನವಿದ್ದದ್ದು ಲೋಟ ಬೇರೆಯಾದದ್ದರಲ್ಲಿ. ಆ ಹುಡುಗಿಯೊಬ್ಬಳಿಗಾಗಿ ಬೇರೆ ಜಾಲ ತೆರೆದರೆ ಅದೂ ಒಂದು ಬೇರೆ ಲೋಟವಾಗುವುದಿಲ್ಲವೇ?

ನಾನು ಇದನ್ನು ಮನೆಯಲ್ಲಿ ಹೇಳಿದಾಗ ಯಜಮಾನರು ‘ನೀನು ಎಲ್ಲದರಲ್ಲೂ ಪಾಠ ಹುಡುಕುತ್ತೀ’ ಎಂದು ನಕ್ಕರು. ಅತ್ತೆ ಮಾತ್ರ, ‘ಬಂದವರಿಗೆಲ್ಲ ಒಂದೇ ಲೋಟ ಇಡು, ತಕರಾರೇ ಇಲ್ಲ’ ಎಂದರು. ಎಂಬತ್ತೆರಡು ವರ್ಷದ ಅವರು ಹೇಳಿದ್ದೇ ಸರಿಯಾದ ಉತ್ತರವೆಂದು ನನಗೆ ಕಂಡಿತು. ಹಾಗೆಯೇ ಮಾಡಿದೆವು. ನಮ್ಮ ಮನೆಯಲ್ಲಿ ವಾಸವಿರುವವರ ಯಂತ್ರಗಳು ಒಂದು ಜಾಲದಲ್ಲಿ. ಹೊರಗಿನಿಂದ ಬಂದವರು ನನ್ನ ತಮ್ಮನೇ ಇರಲಿ, ಮಗನ ಸ್ನೇಹಿತರೇ ಇರಲಿ, ಆ ಹುಡುಗಿಯೇ ಇರಲಿ, ಎಲ್ಲರೂ ಅತಿಥಿ ಜಾಲದಲ್ಲಿ. ನನ್ನ ತಮ್ಮನಿಗೆ ಸ್ವಲ್ಪ ಬೇಸರವಾಯಿತು. ‘ನಾನೇನು ಹೊರಗಿನವನೇ ಅಕ್ಕ?’ ಎಂದ. ಅವನ ಬೇಸರವನ್ನು ಕಂಡಾಗ ನನಗೊಂದು ಮಾತು ಸ್ಪಷ್ಟವಾಯಿತು. ನಿಯಮ ನಮ್ಮವರಿಗೂ ಸ್ವಲ್ಪ ಚುಚ್ಚಿದರೆ ಮಾತ್ರ ಅದು ನಿಯಮ. ಬೇರೆಯವರಿಗೆ ಮಾತ್ರ ಚುಚ್ಚುವುದಾದರೆ ಅದಕ್ಕೆ ಬೇರೆ ಹೆಸರಿದೆ.

ಇಷ್ಟೂ ಹೊರಗಿನವರ ಮಾತಾಯಿತು. ಇನ್ನು ಒಳಗಿನವರ ಮಾತು. ನನ್ನ ಮಟ್ಟಿಗೆ ಇದೇ ಹೆಚ್ಚು ಭಾರವಾದದ್ದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದೇ ಊರಿಗೆ ಸೊಸೆಯಾಗಿ ಬಂದಿದ್ದಾಳೆ. ಮನೆಗೆಲಸವೆಲ್ಲ ಮುಗಿದ ಮೇಲೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಕೂತು ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದಿಕೊಳ್ಳಬೇಕೆಂದು ಅವಳ ಆಸೆ. ಪಾಠಗಳೆಲ್ಲ ಫೋನಿನಲ್ಲಿ. ಆದರೆ ಒಂಬತ್ತಾಯಿತೆಂದರೆ ಅವಳ ಫೋನಿಗೆ ನೆಟ್ ಬರುತ್ತಿರಲಿಲ್ಲ. ಫೋನು ಕೆಟ್ಟಿದೆಯೆಂದು ಅಂಗಡಿಗೆ ಕೊಟ್ಟಳು, ಆರುನೂರು ರೂಪಾಯಿ ಖರ್ಚಾಯಿತು, ಸರಿಯಾಗಲಿಲ್ಲ. ಮತ್ತೊಮ್ಮೆ ಕೊಟ್ಟಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕೊನೆಗೆ ರಜಕ್ಕೆ ಬಂದ ನಾದಿನಿಯ ಹುಡುಗ, ‘ಅತ್ತೆ, ಫೋನು ಸರಿಯಾಗೇ ಇದೆ, ಮಾವ ರೂಟರಿನಲ್ಲಿ ನಿಮ್ಮ ಫೋನಿಗೆ ಮಾತ್ರ ಟೈಮ್ ಇಟ್ಟಿದ್ದಾರೆ’ ಎಂದು ಹೇಳಿಬಿಟ್ಟ. ಮಗು, ಅವನಿಗೇನು ಗೊತ್ತು! ಅವಳು ನನ್ನ ಬಳಿ ಬಂದು ಹೇಳಿದ್ದು ಇಷ್ಟು: ‘ಮಿಸ್, ಬೇಡ ಅಂತ ಬಾಯಲ್ಲಿ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಇಲ್ಲ ಸುಮ್ಮನಿರುತ್ತಿದ್ದೆ. ಅಷ್ಟು ದಿನ ಫೋನು ರಿಪೇರಿಗೆ ಕೊಡುತ್ತಾ ಓಡಾಡಿದೆನಲ್ಲ, ನೋಡಿಕೊಂಡು ಇದ್ದರಲ್ಲ!’

ಆ ಮಾತು ನನ್ನನ್ನು ಬಿಟ್ಟಿಲ್ಲ. ಬಾಗಿಲು ಹಾಕಿದರೆ ಹಾಕಿದ್ದು ಕಾಣುತ್ತದೆ, ತಟ್ಟಬಹುದು, ಕೂಗಬಹುದು, ತಲೆ ಚಚ್ಚಿಕೊಳ್ಳಲೂಬಹುದು. ಪಟ್ಟಿ ಕಾಣುವುದಿಲ್ಲ. ಹೊರಗಿಟ್ಟವನು ಸದ್ದಿಲ್ಲದೆ ಹೊರಗಿಡುತ್ತಾನೆ, ಹೊರಗುಳಿದವಳು ತಪ್ಪು ತನ್ನ ಯಂತ್ರದ್ದು, ತನ್ನದು ಎಂದುಕೊಳ್ಳುತ್ತಾಳೆ. ನಿರಾಕರಿಸುವುದು ಒಂದು, ನಿರಾಕರಿಸಿದ್ದನ್ನು ಮರೆಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಕೆಲವೊಮ್ಮೆ ಸಮರ್ಥನೆ ಇರಬಹುದು. ಎರಡನೆಯದು ಸುಳ್ಳು. ಬಾಯಲ್ಲಿ ಆಡದೆ ಯಂತ್ರದಿಂದ ಆಡಿಸಿದ ಸುಳ್ಳು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತಡೆಗೆ ಸಿಗುವ ಕಾರಣ ಯಾವಾಗಲೂ ಒಂದೇ: ನಿನ್ನ ಒಳ್ಳೆಯದಕ್ಕೆ. ಕೇರಳದಲ್ಲಿ ಒಂದು ಕಾಲೇಜಿನ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದೆಂದು ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಿದರು. ಅವಳು ಹೈಕೋರ್ಟಿಗೆ ಹೋದಳು. ಇಂಟರ್‌ನೆಟ್ ಬಳಸುವುದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ, ಅವಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಹಾಸ್ಟೆಲಿನ ವಾರ್ಡನ್ ಮೇಲೆ ಕೋರ್ಟಿಗೆ ಹೋಗಬಹುದು. ಗಂಡನ ಮೇಲೆ, ಅಣ್ಣನ ಮೇಲೆ ರೂಟರಿನ ವಿಷಯಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ? ನಾನು ನನ್ನ ತರಗತಿಯಲ್ಲಿ ಒಮ್ಮೆ ಕೇಳಿದೆ, ನಿಮ್ಮ ಮನೆಯಲ್ಲಿ ವೈಫೈ ಯಾರ ಕೈಯಲ್ಲಿದೆ ಎಂದು. ವೈಫೈ ಇರುವ ಮನೆಯ ಹುಡುಗಿಯರಲ್ಲಿ ಅಪ್ಪ, ಅಣ್ಣ, ಚಿಕ್ಕಪ್ಪ ಎಂದವರೇ ಹೆಚ್ಚು. ಅಮ್ಮ ಎಂದವರು ಇಬ್ಬರು. ಅಡುಗೆಮನೆಯ ಡಬ್ಬಿಗಳ ಲೆಕ್ಕವೆಲ್ಲ ಬಲ್ಲ ನಾವು ಈ ಒಂದು ಡಬ್ಬಿಯನ್ನು ಮಾತ್ರ ‘ಅದೆಲ್ಲ ನಮಗೆ ತಿಳಿಯುವುದಿಲ್ಲ’ ಎಂದು ಬಿಟ್ಟುಕೊಟ್ಟಿದ್ದೇವೆ.

ಹಾಗಾದರೆ ಮಕ್ಕಳಿಗೂ ಯಾವ ಕಟ್ಟು ಬೇಡವೇ? ಶಿಕ್ಷಕಿಯಾಗಿ ನಾನು ಹಾಗೆ ಹೇಳಲಾರೆ. ರಾತ್ರಿ ಎರಡು ಗಂಟೆಯವರೆಗೆ ಆಟವಾಡಿ ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ತೂಗಡಿಸುವ ಹುಡುಗರನ್ನು ದಿನವೂ ನೋಡುತ್ತೇನೆ. ಮಗುವಿನ ಕೈಯಿಂದ ಬೆಂಕಿಪೊಟ್ಟಣ ತೆಗೆದಿಡುವುದು ದಬ್ಬಾಳಿಕೆಯಲ್ಲ. ಆದರೆ ಮಗುವಿಗೆ ಹೇಳಿ ತೆಗೆದಿಡಬೇಕು. ಅಣ್ಣನಿಗೊಂದು ಹೊತ್ತು, ತಂಗಿಗೊಂದು ಹೊತ್ತು ಆಗಬಾರದು. ದೊಡ್ಡವರಾದಂತೆ ಸಡಿಲವಾಗುತ್ತ ಹೋಗಬೇಕು. ಹದಿನೆಂಟಾದ ಮೇಲೂ ಬಿಗಿಯಾಗಿಯೇ ಇದ್ದರೆ ಅದು ಬೆಳೆಸುವುದಲ್ಲ, ಕಟ್ಟಿಹಾಕುವುದು. ಎಲ್ಲರಿಗೂ ರಾತ್ರಿ ಹನ್ನೊಂದಕ್ಕೆ ವೈಫೈ ಆರಿಸುವ ಮನೆಯೊಂದು ನನಗೆ ಗೊತ್ತು. ಅಪ್ಪನ ಫೋನೂ ನಿಲ್ಲುತ್ತದೆ. ಆ ಮನೆಯ ಮಕ್ಕಳು ಗೊಣಗುತ್ತಾರೆ, ಆದರೆ ಅನ್ಯಾಯವಾಗಿದೆ ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ಇದನ್ನೆಲ್ಲ ಕೂಡಿಸಿ ನೋಡಿದರೆ ನನಗೆ ಮೂರು ಪ್ರಶ್ನೆಗಳು ಉಳಿಯುತ್ತವೆ. ಯಾವ ಪಟ್ಟಿ ಬರೆಯುವಾಗಲೂ ಇವನ್ನು ಕೇಳಿಕೊಳ್ಳಬಹುದು. ಒಬ್ಬರನ್ನು ಬಿಟ್ಟ ಕಾರಣವನ್ನು ಅವರ ಮುಖ ನೋಡಿ ಹೇಳಬಲ್ಲೆನೇ? ಎದುರು ಮನೆಯವರಿಗೆ ‘ನಮ್ಮ ಹೆಸರಿನ ಸಂಪರ್ಕ, ಹೊಣೆ ನಮ್ಮ ಮೇಲೆ ಬರುತ್ತದೆ, ಅತಿಥಿಯದನ್ನು ಬಳಸಿ’ ಎಂದು ನಾನು ಹೇಳಬಲ್ಲೆ, ಹೇಳಿದ್ದೇನೆ. ಸೊಸೆಯ ಮುಖ ನೋಡಿ ಆ ಗಂಡನಿಗೆ ಏನೂ ಹೇಳಲಾಗಲಿಲ್ಲ. ಎರಡನೆಯದು, ಈ ನಿಯಮಕ್ಕೆ ನಾನೂ ಒಳಪಟ್ಟಿದ್ದೇನೆಯೇ? ಮೂರನೆಯದು, ಹೊರಗುಳಿದವರು ಬಂದು ಕೇಳಿದರೆ ಮತ್ತೆ ಯೋಚಿಸುವ ದಾರಿ ಇದೆಯೇ? ಈ ಮೂರಕ್ಕೂ ಹೌದೆಂದರೆ ಬಾಗಿಲು ಹಾಕಿಕೊಳ್ಳಿ, ನಿಶ್ಚಿಂತೆಯಿಂದ ನಿದ್ರೆ ಮಾಡಿ. ಅತಿಥಿಯನ್ನು ದೇವರೆಂದ ನಾಡಿನಲ್ಲಿ ದೇವರಿಗೂ ಗುಡಿಯ ಬಾಗಿಲು ರಾತ್ರಿ ಹಾಕುತ್ತಾರೆ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಓದುವ ಹೆಣ್ಣುಮಕ್ಕಳಿಗೆ ನನ್ನ ವಿನಂತಿ ಎಂದು ತಿಳಿಯಿರಿ. ನಿಮ್ಮ ಮನೆಯ ರೂಟರಿನ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ವೈಫೈಯ ಪಾಸ್‌ವರ್ಡ್ ಅಲ್ಲದೆ, ರೂಟರಿನ ಒಳಪುಟವನ್ನು ತೆರೆಯುವ ವಿಳಾಸವೂ ಸಾಮಾನ್ಯವಾಗಿ ಇರುತ್ತದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೇ ಇದ್ದರೆ ಅದನ್ನು ಬದಲಾಯಿಸಬೇಕು, ಕಳ್ಳನಿಗೆ ಮೊದಲು ಗೊತ್ತಿರುವುದು ಅದೇ. ಬದಲಾಯಿಸುವಾಗ ಪಕ್ಕದಲ್ಲಿ ಕೂತು ನೋಡಿ, ಬರೆದಿಟ್ಟುಕೊಳ್ಳಿ. ಒಳಪುಟದಲ್ಲಿ ಯಾವ ಯಾವ ಯಂತ್ರಗಳು ಸೇರಿವೆ, ಯಾವುದನ್ನು ತಡೆದಿದೆ ಎಂಬ ಪಟ್ಟಿ ಕಾಣುತ್ತದೆ. ತಿಂಗಳಿಗೊಮ್ಮೆ ನೋಡಿದರೂ ಸಾಕು. ನನ್ನ ಆ ವಿದ್ಯಾರ್ಥಿನಿ ಈಗ ಅದನ್ನು ಕಲಿತಿದ್ದಾಳೆ. ಗಂಡನೊಡನೆ ಮಾತಾಡಿ, ಒಂಬತ್ತರಿಂದ ಹನ್ನೊಂದರ ಹೊತ್ತನ್ನು ಬಿಡಿಸಿಕೊಂಡಿದ್ದಾಳೆ. ಪರೀಕ್ಷೆಗೆ ಕಟ್ಟಿದ್ದಾಳೆ.